ಜಾಗ ಯಾರದು, ಹೊಣೆ ಯಾರದು?

ಬಾಗೂರಿನಿಂದ ನವಿಲೆಯತ್ತ ಹೇಮಾವತಿ ನೀರು ನೆಲದಡಿಯಲ್ಲಿ ಹರಿಯುತ್ತದೆ. ತುಮಕೂರಿನ ನಾಲೆಗಾಗಿ ಕೊರೆದ ಈ ಸುರಂಗ ಕಿಲೋಮೀಟರ್‌ಗಟ್ಟಲೆ ಉದ್ದ. ಇಂಥ ಕೆಲಸಗಳಲ್ಲಿ ಜಾಗ ಸರ್ಕಾರದ್ದು, ಟೆಂಡರ್ ಗುತ್ತಿಗೆದಾರನದು, ಆಳುಗಳನ್ನು ಕರೆತಂದವನು ಮೇಸ್ತ್ರಿ. ಕಲ್ಲು ಉರುಳಿ ಒಬ್ಬನ ಕಾಲು ಮುರಿದರೆ ಯಾರ ಬಾಗಿಲು ತಟ್ಟಬೇಕು? ಕೂಲಿ ಕೊಟ್ಟವನದೋ, ಜಾಗ ಯಾರ ಕೈಯಲ್ಲಿದೆಯೋ ಅವನದೋ? ಕಾನೂನು ಮೊದಲನೆಯವನಿಂದ ಎರಡನೆಯವನ ಕಡೆಗೆ ನಡೆದುಬಂದಿದೆ, ಬಲು ನಿಧಾನವಾಗಿ.

ಶುರುವಾದದ್ದು ಇಂಗ್ಲೆಂಡಿನಲ್ಲಿ. 1837ರಲ್ಲಿ ಕಟುಕನ ಅಂಗಡಿಯ ಆಳೊಬ್ಬ, ಮಿತಿಮೀರಿ ಹೇರಿದ್ದ ಗಾಡಿ ಮುರಿದು ಗಾಯಗೊಂಡ. ಧಣಿ ಹೊಣೆಯಲ್ಲ ಎಂದಿತು ನ್ಯಾಯಾಲಯ. ಜೊತೆಗಾರನ ತಪ್ಪಿಗೆ ಧಣಿಯನ್ನು ಕೇಳುವಂತಿಲ್ಲ ಎಂಬ ವಾದ ಬೆಳೆದದ್ದು ಅಲ್ಲಿಂದಲೇ. 1866ರ ಮೊಕದ್ದಮೆಯ ದಾರಿ ಬೇರೆ. ಲಂಡನ್ನಿನ ಸಕ್ಕರೆ ಕಾರ್ಖಾನೆಗೆ ಗ್ಯಾಸ್ ಕೊಳವೆಯ ಕೆಲಸಕ್ಕೆ ಬಂದವನೊಬ್ಬ ತಡೆಗಟ್ಟೆಯಿಲ್ಲದ ಕಂಡಿಯಲ್ಲಿ ಕೆಳಗೆ ಬಿದ್ದ. ಅವನು ಕಾರ್ಖಾನೆಯ ಆಳಲ್ಲ, ಬೇರೊಬ್ಬನ ಆಳು. ಆದರೂ ಕೆಲಸಕ್ಕೆಂದು ಒಳಗೆ ಬಂದವನನ್ನು ತನಗೆ ಗೊತ್ತಿರುವ, ಗೊತ್ತಿರಬೇಕಾದ ಅಪಾಯದಿಂದ ಕಾಯುವುದು ಜಾಗ ಹಿಡಿದವನ ಕರ್ತವ್ಯ ಎಂದು ತೀರ್ಪಾಯಿತು. ಹೀಗೆ ಜಾಗ ಹಿಡಿದವನನ್ನು ಕಾನೂನಿನ ಕನ್ನಡ ‘ಅಧಿಭೋಗದಾರ’ ಎನ್ನುತ್ತದೆ. ಊರಲ್ಲಿ ಹಾಗೆಂದರೆ ಯಾರಿಗೂ ತಿಳಿಯದು. ನಾನು ಯಜಮಾನ ಎಂದೇ ಬರೆಯುತ್ತೇನೆ.

ನಮ್ಮಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಧಣಿಯ ತಪ್ಪನ್ನು ರುಜುವಾತು ಮಾಡಬೇಕಿರಲಿಲ್ಲ, ಕೆಲಸದಿಂದಾಗಿ ಕೆಲಸದ ಹೊತ್ತಿನಲ್ಲಿ ಪೆಟ್ಟಾದರೆ ಸಾಕಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ 12ನೇ ಕಲಮು. ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಗುತ್ತಿಗೆದಾರನ ಆಳಿಗೂ ಪರಿಹಾರ ಕೊಡಬೇಕಿತ್ತು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಿತ್ತು. ಆದರೆ ಅಪಘಾತ ಅವನ ಹಿಡಿತದಲ್ಲಿದ್ದ ಜಾಗದಲ್ಲೋ ಅದರ ಆಸುಪಾಸಿನಲ್ಲೋ ಆಗಿರಬೇಕಿತ್ತು. ಕೂಲಿಯ ಲೆಕ್ಕದ ಜೊತೆಗೆ ಜಾಗದ ಲೆಕ್ಕ ಸೇರಿದ್ದು ಇಲ್ಲಿ. ಇನ್ನು ‘ಜೊತೆಗಾರನ ತಪ್ಪು’ ಎಂಬ ವಾದವನ್ನು ಬ್ರಿಟಿಷ್ ಭಾರತ 1938ರಲ್ಲೇ ಕಿತ್ತುಹಾಕಿತು. ಅದನ್ನು ಹುಟ್ಟಿಸಿದ ಇಂಗ್ಲೆಂಡಿಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1975ರಲ್ಲಿ, ಒಂಟಿ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದಿತು. ಪರಿಹಾರದ ಬಾಕಿ ಅಪಘಾತದ ದಿನದಿಂದಲೇ ಎಂದೂ ಹೇಳಿತು. ಭೋಪಾಲದ ದುರಂತದ ಬಳಿಕ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 7ಎ ಕಲಮು ಸೇರಿತು. ಕಾರ್ಮಿಕರ ಸುರಕ್ಷತೆ ಯಜಮಾನನ ಸಾಮಾನ್ಯ ಕರ್ತವ್ಯವಾಯಿತು. ಕಂಪನಿಯಾದರೆ ನಿರ್ದೇಶಕರಲ್ಲೊಬ್ಬನೇ ಯಜಮಾನ. ಮ್ಯಾನೇಜರನನ್ನು ಮುಂದೆ ತಳ್ಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು.

ಅದೇ 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಆದರೆ ಸ್ವಂತಕ್ಕೆ ಕಟ್ಟಿಸುವ 10 ಲಕ್ಷದೊಳಗಿನ ಮನೆಯನ್ನು ಹೊರಗಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ, ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ಹತ್ತು ಜನಕ್ಕಿಂತ ಕಡಿಮೆ ಆಳುಗಳಿರುವ ಕಟ್ಟಡವೂ ಹೊರಗೆ. ನನ್ನ ಮಟ್ಟಿಗೆ ಮಿತಿ ಏರಿಸಿದ್ದು ಹಿಂದಕ್ಕಿಟ್ಟ ಹೆಜ್ಜೆ. ಬಾಗೂರಿನಂಥ ಊರಿನ ಬೀದಿಯಲ್ಲಿ ಮೋಲ್ಡ್ ಹಾಕುವ ಮನೆ ನೋಡಿ: ಸಾರುವೆಗೆ ಗಳು, ಕಟ್ಟಿದ್ದು ಹಳೇ ಹಗ್ಗ, ಬರಿಗಾಲಲ್ಲಿ ನಿಂತ ಗಾರೆಯವನು, ಕೆಳಗೆ ಬಾಂಡ್ಲಿ ಎತ್ತಿಕೊಡುವ ಹೆಂಗಸು. 50 ಲಕ್ಷ ದಾಟುವ ಮನೆ ಅಲ್ಲಿ ಎಷ್ಟು ಸಿಕ್ಕೀತು? ಸ್ವಂತ ಮನೆ ‘ವ್ಯಾಪಾರ’ವಲ್ಲವಾದ್ದರಿಂದ 12ನೇ ಕಲಮಿನ ದಾರಿಯೂ ಮುಚ್ಚಿತ್ತು. ಸಿವಿಲ್ ದಾವೆ ಹೂಡಬಹುದು ನಿಜ, ಆದರೆ ನಿರ್ಲಕ್ಷ್ಯ ತೋರಿಸಿಕೊಡುವ ಭಾರ ಬಿದ್ದವನ ತಲೆಗೇ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅದು ವಿಮೆ ಅಷ್ಟೆ, ತೋಟದ ಯಜಮಾನನ ಹೊಣೆಯಲ್ಲ.

ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವಿದೆ. ಅಷ್ಟರೊಳಗೆ ಸಾಕ್ಷಿ ಬೇಕು. ಹಾಗಾಗಿ ಯಾರು ಎಷ್ಟೇ ಹೇಳಿದರೂ ಆಸ್ಪತ್ರೆಯ ಚೀಟಿಯಲ್ಲಿ ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸಬೇಡಿ; ಯಾರ ಜಾಗದಲ್ಲಿ, ಯಾವ ಕೆಲಸದಲ್ಲಿ ಬಿದ್ದಿರೋ ಅದನ್ನೇ ಬರೆಸಿ.