ಡೊಂಬಿವಲಿ: ಅಗ್ಗದ ಮನೆಯ ನಿಜವಾದ ಬೆಲೆ

ಊರಿಗೆ ಹೋದಾಗ ಮದುವೆ ಮನೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಯಾರಾದರೂ ಕೇಳುತ್ತಾರೆ. "ಮುಂಬಯಿಯಲ್ಲಿ ಎಲ್ಲಿ ಮಾರಾಯ್ರೆ ನೀವು ಇರುವುದು?" ನಾನು ಡೊಂಬಿವಲಿ ಅನ್ನುತ್ತೇನೆ. ಮುಂಬಯಿ ಕಂಡವರು ಅಲ್ಲಿದ್ದರೆ ಕೂಡಲೇ ನಗುತ್ತಾರೆ. "ಅದೆಂಥ ಮುಂಬಯಿ? ಅದು ಕಲ್ಯಾಣದ ಹತ್ತಿರ ಅಲ್ವಾ?"

ಅವರು ಹೇಳುವುದು ಸುಳ್ಳಲ್ಲ. ಡೊಂಬಿವಲಿ ಠಾಣೆ ಜಿಲ್ಲೆಯಲ್ಲಿದೆ. ನಮ್ಮ ಪಿನ್‌ಕೋಡ್ ಶುರುವಾಗುವುದು 421ರಿಂದ, ಮುಂಬಯಿಯದ್ದು 400ರಿಂದ. ವಿ.ಟಿ.ಯಿಂದ (ಈಗ ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂದು ಹೆಸರು, ನಮ್ಮ ಬಾಯಿಗೆ ಮಾತ್ರ ಇನ್ನೂ ವಿ.ಟಿ.ಯೇ) ಸುಮಾರು 48 ಕಿಲೋಮೀಟರ್ ದೂರ. ಆದರೂ ಬೆಳಿಗ್ಗೆ ಆರರಿಂದ ಹತ್ತರವರೆಗೆ ನಮ್ಮ ಪ್ಲಾಟ್‌ಫಾರ್ಮ್ ಮೇಲೆ ನಿಂತು ನೋಡಿ. ಮುಂಬಯಿಯ ಬ್ಯಾಂಕು, ಕೋರ್ಟು, ಆಸ್ಪತ್ರೆ, ಅಂಗಡಿಗಳನ್ನು ನಡೆಸುವ ಜನ ಎಲ್ಲಿಂದ ಬರುತ್ತಾರೆ ಅಂತ ಗೊತ್ತಾಗುತ್ತದೆ. ಮುಂಬಯಿಗೆ ಇವರ ಕೆಲಸ ಬೇಕು, ಇವರಿಗೆ ಮನೆ ಕೊಡಲು ಮಾತ್ರ ಜಾಗವಿಲ್ಲ. ಡೊಂಬಿವಲಿಯ ಕಥೆಯೆಲ್ಲ ಇದರಲ್ಲೇ ಇದೆ.

ಈ ಕಥೆ ಶುರುವಾಗುವುದು ರೈಲಿನಿಂದ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೀರಿ. ಮರುವರ್ಷ, 1854ರಲ್ಲಿ, ಅದೇ ಹಳಿ ಕಲ್ಯಾಣ ಮುಟ್ಟಿತು. ಕಲ್ಯಾಣವಾದರೋ ಹಳೆಯ ಬಂದರು, ಹೆಸರಿದ್ದ ಊರು. ಡೊಂಬಿವಲಿ ಅದರ ದಾರಿಯಲ್ಲಿ ಬರುವ ಒಂದು ಹಳ್ಳಿ ಅಷ್ಟೆ. ಒಂದು ಕಡೆ ಉಲ್ಲಾಸ್ ನದಿಯ ಖಾಡಿ, ಇನ್ನೊಂದು ಕಡೆ ಭತ್ತದ ಗದ್ದೆ. ಇಲ್ಲಿಯ ಮೂಲನಿವಾಸಿಗಳು ಆಗ್ರಿಗಳು ಮತ್ತು ಕೋಳಿಗಳು, ಅಂದರೆ ಗದ್ದೆ, ಉಪ್ಪು, ಮೀನು ನಂಬಿ ಬದುಕಿದವರು. ನಾವೆಲ್ಲ ಕೂತಿರುವ ಕಟ್ಟಡಗಳ ಕೆಳಗೆ ಇರುವುದು ಅವರ ಗದ್ದೆ. ಅದನ್ನು ಮರೆಯಬಾರದು.

1916ರಲ್ಲಿ ಠಾಣೆಯ ಆಚೆ ಪಾರ್ಸಿಕ್ ಗುಡ್ಡ ಕೊರೆದು ಸುರಂಗ ಮಾಡಿದರು. 1920ರ ದಶಕದ ಕೊನೆಗೆ ಈ ಹಾದಿಗೆ ವಿದ್ಯುತ್ ರೈಲು ಬಂತು. ಅದಕ್ಕೆ ಕರೆಂಟು ಕೊಡಲು ರೈಲ್ವೆ ತನ್ನದೇ ಪವರ್‌ಹೌಸ್ ಕಟ್ಟಿದ್ದು ನಮ್ಮ ಪಕ್ಕದ ಠಾಕುರ್ಲಿಯಲ್ಲಿ. 1980ರ ದಶಕದಲ್ಲಿ ಅದು ನಿಂತುಹೋಯಿತು, ಆದರೆ ಹಳಬರು ಆ ಕಡೆ ಹೋಗುವಾಗ ಇಂದಿಗೂ "ಪವರ್‌ಹೌಸ್ ಹತ್ತಿರ" ಅನ್ನುವುದುಂಟು. 1924ರಲ್ಲಿ ಊರಿನವರು ಸೇರಿ ಗಣೇಶ ಮಂದಿರ ಕಟ್ಟಿದರು. ಆಗ ಇಲ್ಲಿ ಇದ್ದದ್ದು ಕೆಲವೇ ಮನೆ.

ಹಾಗಾದರೆ ಇಷ್ಟು ಜನ ಯಾಕೆ ಬಂದರು? ಉತ್ತರ ಮುಂಬಯಿಯ ಬಾಡಿಗೆ ಕಾಯಿದೆಯಲ್ಲಿದೆ. 1947ರ ಈ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದ ಬಾಡಿಗೆದಾರ ಬದುಕಿದ, ನಿಜ. ಆದರೆ ಬಾಡಿಗೆಗೆ ಕೊಡಲು ಹೊಸ ಚಾಳ್ ಕಟ್ಟುವವರು ಇಲ್ಲವಾದರು. ಇದ್ದ ಖೋಲಿಗಳಿಗೆ ಪಗಡಿ ಬಂತು. ಗಿರಗಾಂವ್, ದಾದರ್, ಪರೇಲಿನ ಚಾಳುಗಳ ಒಂದೊಂದು ಖೋಲಿಯಲ್ಲಿ ಅಪ್ಪ ಅಮ್ಮ, ಮೂರು ಗಂಡುಮಕ್ಕಳು. ದೊಡ್ಡವನಿಗೆ ಮದುವೆಯಾಯಿತು, ಎರಡನೆಯವನಿಗೂ ಆಯಿತು. ಇನ್ನು ಮಲಗುವುದೆಲ್ಲಿ? ಪಗಡಿ ಕೊಡುವ ಶಕ್ತಿ ಇಲ್ಲದ ಗುಮಾಸ್ತ, ಮೇಷ್ಟ್ರು, ಗಿರಣಿಯ ಟೈಮ್‌ಕೀಪರ್, ರೈಲ್ವೆ ನೌಕರ ಹಳಿ ಹಿಡಿದು ಈ ಕಡೆ ಬಂದರು. 1963ರಲ್ಲಿ ಓನರ್‌ಶಿಪ್ ಫ್ಲ್ಯಾಟುಗಳ ಕಾಯಿದೆಯೂ ಬಂತು. ಹೀಗೆ ಮುಂಬಯಿಯಲ್ಲಿ ಬಾಡಿಗೆದಾರನಾಗಿದ್ದವನು ಡೊಂಬಿವಲಿಯಲ್ಲಿ ಮಾಲೀಕನಾದ.

ಹೀಗೆ ಬಂದವರಲ್ಲಿ ಹೆಚ್ಚಿನವರು ಓದು ಬರಹದ ಮರಾಠಿ ಕುಟುಂಬಗಳು. ಅದಕ್ಕೇ ಡೊಂಬಿವಲಿಗೆ 'ಸಾಂಸ್ಕೃತಿಕ ನಗರಿ' ಎಂಬ ಬಿರುದು. ಪು. ಭಾ. ಭಾವೆ, ಶಂ. ನಾ. ನವರೆಯವರಂಥ ಲೇಖಕರು ಇದ್ದ ಊರು ಇದು. 2017ರ ಫೆಬ್ರವರಿಯಲ್ಲಿ 90ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು. ಯುಗಾದಿಯ ದಿನ, ಇಲ್ಲಿಯವರ ಗುಡಿ ಪಾಡ್ವಾಕ್ಕೆ, ಶೋಭಾಯಾತ್ರೆ ತೆಗೆಯುವ ಪದ್ಧತಿ 1990ರ ದಶಕದ ಕೊನೆಯಲ್ಲಿ ಇಲ್ಲಿಂದ ಹೊರಟು ಉಳಿದ ಊರುಗಳಿಗೆ ಹಬ್ಬಿತು. ದೀಪಾವಳಿಯ ಬೆಳಿಗ್ಗೆ ಫಡಕೆ ರಸ್ತೆಗೆ ಬನ್ನಿ. ಹೊಸ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ತುಂಬಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲೇ ಭೇಟಿಯಾಗಿ ಮದುವೆಯಾದ ಜೋಡಿಗಳು ಪ್ರತಿ ಸೊಸೈಟಿಯಲ್ಲೂ ಒಂದೆರಡು ಸಿಗುತ್ತವೆ!

ನಮ್ಮವರೂ ಸುಮ್ಮನೆ ಕೂತಿಲ್ಲ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ಕಟ್ಟಿತು, ಅದನ್ನು ಕಾಲೇಜಿನವರೆಗೆ ಬೆಳೆಸಿತು. ಹಗಲೆಲ್ಲ ಹೋಟೆಲು, ಆಫೀಸು, ಬ್ಯಾಂಕಿನಲ್ಲಿ ದುಡಿದವರು ರಾತ್ರಿ ಮತ್ತು ಭಾನುವಾರ ಓಡಾಡಿ ನಿಲ್ಲಿಸಿದ ಸಂಸ್ಥೆ ಅದು. ಇಲ್ಲಿಯ ಮರಾಠಿ ಓದುಗರ ಅಚ್ಚುಮೆಚ್ಚಿನ ಲೈಬ್ರರಿಯ ಹೆಸರು 'ಪೈ ಫ್ರೆಂಡ್ಸ್ ಲೈಬ್ರರಿ'. ಪೈ ಎಂಬ ಹೆಸರು ಎಲ್ಲಿಯದು ಅಂತ ನಾನು ನಿಮಗೆ ಹೇಳಬೇಕೇ?

ನಾನು ಮನೆ ಹುಡುಕಲು ಹೊರಟಾಗ ನಮ್ಮ ಬ್ರಾಂಚಿನ ಹಿರಿಯರೊಬ್ಬರು ಒಂದು ಮಾತು ಹೇಳಿದ್ದರು. "ಮೊದಲು ಸ್ಟೇಶನ್ನಿನಿಂದ ನಡೆದು ನೋಡಿ, ಆಮೇಲೆ ಮನೆ ನೋಡಿ." ಮನೆಯ ಬೆಲೆ ಚದರಡಿಯಲ್ಲಿ ಇರುವುದಿಲ್ಲ, ನಿಮಿಷಗಳಲ್ಲಿ ಇರುತ್ತದೆ ಎಂಬುದು ಅವರ ಲೆಕ್ಕ. ಆಗ ನನಗೆ ಅದು ಪೂರ್ತಿ ಅರ್ಥವಾಗಿರಲಿಲ್ಲ. ದಾದರಿನಲ್ಲಿ ಒಂದು ಬಾತ್‌ರೂಮಿಗೂ ಸಾಲದ ದುಡ್ಡಿನಲ್ಲಿ ಇಲ್ಲಿ ಒನ್ ರೂಮ್ ಕಿಚನ್ ಸಿಕ್ಕಿತಲ್ಲ ಎಂದು ಬೀಗಿದ್ದೆ.

ಈಗ ಲೆಕ್ಕ ಹಾಕುತ್ತೇನೆ. ಎಷ್ಟೆಂದರೂ ಬಿ.ಕಾಂ. ಓದಿದವನಲ್ಲವೇ! ಮನೆಯಿಂದ ಮೇಜಿಗೆ ಎರಡು ಗಂಟೆ, ಮೇಜಿನಿಂದ ಮನೆಗೆ ಎರಡು ಗಂಟೆ. ವರ್ಷಕ್ಕೆ 280 ದಿನ ಅಂದುಕೊಂಡರೆ 1,120 ಗಂಟೆ. ಮೂವತ್ತು ವರ್ಷದ ನೌಕರಿಗೆ 33,600 ಗಂಟೆ. ಅಂದರೆ ಹಗಲು ರಾತ್ರಿ ಸೇರಿ 1,400 ದಿನ, ಸುಮಾರು 3 ವರ್ಷ 10 ತಿಂಗಳು. ಅಷ್ಟೂ ಕಾಲ ಹೆಚ್ಚಾಗಿ ನಿಂತುಕೊಂಡೇ. ನಾನು ಎಷ್ಟೋ ಗೃಹಸಾಲದ ಅರ್ಜಿ ಪಾಸು ಮಾಡಿದ್ದೇನೆ. ಸಂಬಳ, ಕಂತು, ಮಾರ್ಜಿನ್ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಈ 3 ವರ್ಷ 10 ತಿಂಗಳಿಗೆ ಯಾವ ಕಾಲಮ್ಮೂ ಇರಲಿಲ್ಲ.

ಜನ ಆ ಸಮಯವನ್ನು ಹಾಳು ಮಾಡಲಿಲ್ಲ ಅನ್ನಿ. ರೈಲಿನಲ್ಲೇ ತಾಳ ಹಿಡಿದು ಭಜನೆ, ಇಸ್ಪೀಟು, ಹುಟ್ಟುಹಬ್ಬ. ಲೇಡೀಸ್ ಡಬ್ಬಿಯಲ್ಲಿ ರಾತ್ರಿಯ ಅಡುಗೆಗೆ ಬಟಾಣಿ ಸುಲಿಯುವುದು. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಸರಿದು ಜಾಗ ಕೊಡುವುದು ಇಲ್ಲಿಯ ಅಲಿಖಿತ ಕಾನೂನು. ಕೂರಲೇಬೇಕು ಅನ್ನುವವರು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ತಿರುಗಿ ಬರುತ್ತಾರೆ. ಆದರೆ ಬಾಗಿಲಲ್ಲಿ ನೇತಾಡುವವರ ಕಥೆ ಬೇರೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳಿಂದ ಜನ ಹಳಿಗೆ ಬಿದ್ದರು, ಕೆಲವರು ಸತ್ತರು. ಟಿ.ವಿ.ಯಲ್ಲಿ ಎಲ್ಲರೂ ಬಾಗಿಲಿನ ಬಗ್ಗೆ ಮಾತಾಡಿದರು. ಅಷ್ಟು ದೂರದಿಂದ ಅಷ್ಟು ಜನ ಯಾಕೆ ಬರಬೇಕಾಯಿತು ಎಂದು ಕೇಳಿದವರು ಕಡಿಮೆ.

ಊರು ಬೆಳೆದದ್ದೂ ಲೆಕ್ಕಾಚಾರ ಇಲ್ಲದೆಯೇ. 1960ರ ದಶಕದಲ್ಲಿ ಊರಾಚೆ ಎಂ.ಐ.ಡಿ.ಸಿ.ಯವರ ಕೈಗಾರಿಕಾ ವಸಾಹತು ಬಂತು. ಬಣ್ಣ, ಔಷಧಿ, ರಾಸಾಯನಿಕಗಳ ಕಾರ್ಖಾನೆಗಳು. ಆಗ ಅದು ಊರಾಚೆ, ಈಗ ಅದರ ಗೋಡೆಗೆ ತಾಗಿಯೇ ಬಾಲ್ಕನಿಗಳಿವೆ. 2014ರಲ್ಲಿ ಒಂದು ದಿನ ಇಲ್ಲಿ ಹಸಿರು ಬಣ್ಣದ ಮಳೆ ಸುರಿದು ದೇಶಕ್ಕೆಲ್ಲ ಸುದ್ದಿಯಾಯಿತು. 2016ರ ಮೇ 26ರಂದು ಒಂದು ಕಾರ್ಖಾನೆ ಸ್ಫೋಟಿಸಿತು, 2024ರ ಮೇ 23ರಂದು ಇನ್ನೊಂದು. ಎರಡು ಸಲವೂ ಜನ ಸತ್ತರು, ದೂರದ ಮನೆಗಳ ಗಾಜೂ ಪುಡಿಯಾಯಿತು.

1983ರಲ್ಲಿ ಕಲ್ಯಾಣ ಡೊಂಬಿವಲಿ ಮಹಾನಗರಪಾಲಿಕೆ ಹುಟ್ಟಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 12 ಲಕ್ಷ ದಾಟಿತ್ತು. ನೀರಿನ ಪೈಪು, ಚರಂಡಿ ಬರುವ ಮೊದಲೇ ಕಟ್ಟಡ ಎದ್ದು ನಿಲ್ಲುವುದು ಇಲ್ಲಿಯ ರೂಢಿ. ಅದರ ಕೊನೆಯ ಅಧ್ಯಾಯ 65 ಕಟ್ಟಡಗಳ ಪ್ರಕರಣ. ಪಾಲಿಕೆಯ ಪರವಾನಗಿಯನ್ನು ನಕಲಿ ಮಾಡಿ, ಆ ಕಾಗದ ತೋರಿಸಿ ರೇರಾ ನೋಂದಣಿ ಪಡೆದು ಬಿಲ್ಡರುಗಳು ಫ್ಲ್ಯಾಟ್ ಮಾರಿದರು. 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಅವನ್ನು ಕೆಡವಲು ಆದೇಶಿಸಿತು. ಒಳಗಿದ್ದ ಸಾವಿರಾರು ಕುಟುಂಬಗಳು ಬೀದಿಗಿಳಿದು ಕೂಗಿದವು.

ಆ ದಿನಗಳಲ್ಲಿ ವಿಜಾಪುರದ ಕಡೆಯ ಒಬ್ಬ ಹುಡುಗ ಸ್ಟೇಶನ್ನಿನ ಸೇತುವೆ ಮೇಲೆ ನನ್ನನ್ನು ನಿಲ್ಲಿಸಿದ. ಅಂಥದ್ದೇ ಒಂದು ಕಟ್ಟಡದಲ್ಲಿ ಸಾಲ ಮಾಡಿ ಮನೆ ಕೊಂಡವನು. "ಸರ, ರೇರಾ ನಂಬರ್ ಇತ್ತು. ಬ್ಯಾಂಕಿನವ್ರು ಕಾಗದ ನೋಡೇ ಸಾಲ ಕೊಟ್ರು. ನಾ ಇನ್ನೇನ್ ನೋಡ್ಬೇಕಿತ್ತು ಹೇಳ್ರಿ?"

ನಾನು ಹೇಳಬಹುದಾಗಿತ್ತು, ಪಾಲಿಕೆಗೆ ಹೋಗಿ ಪರವಾನಗಿಯ ನಂಬರನ್ನು ಅಲ್ಲಿಯ ರಿಜಿಸ್ಟರಿನ ಜೊತೆ ತಾಳೆ ನೋಡಬೇಕಿತ್ತು ಅಂತ. ಆದರೆ ಅದು ಅವನ ಕೆಲಸವೇ? ಕಾಗದ ನೋಡುವುದಕ್ಕೇ ಸಂಬಳ ತೆಗೆದುಕೊಳ್ಳುವ ನಾವೇ ನೋಡದಿದ್ದಾಗ! ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ, ಅಷ್ಟೆ. ಅವನ ಕಂತು ಮಾತ್ರ ತಿಂಗಳು ತಿಂಗಳು ಕಟ್ ಆಗುತ್ತಲೇ ಇತ್ತು.

ನಮ್ಮ ಹಿಂದಿನವರು ಚಾಳಿನಲ್ಲಿ ಜಾಗ ಸಾಲದೆ ಇಲ್ಲಿಗೆ ಬಂದು ಸಮಯ ಕೊಟ್ಟು ಮನೆ ಕೊಂಡರು. ನಾವೂ ಹಾಗೆಯೇ ಕೊಂಡೆವು. ಈ ಹುಡುಗ ಸಮಯವನ್ನೂ ಕೊಟ್ಟ, ದುಡ್ಡನ್ನೂ ಕೊಟ್ಟ, ಆದರೂ ಮನೆ ಅವನದಾಗಲಿಲ್ಲ. ಈಗ ಶೀಳ್ ರಸ್ತೆಯಲ್ಲಿ ಪಲಾವಾದಂಥ ದೊಡ್ಡ ವಸಾಹತುಗಳು ಎದ್ದಿವೆ, ಬದಲಾಪುರದಾಚೆಗೂ ಕಟ್ಟಡಗಳು ಹೋಗಿವೆ. ಅಲ್ಲಿಯವರಿಗೆ ನಮ್ಮ ಡೊಂಬಿವಲಿ 'ಮುಂಬಯಿಗೆ ಹತ್ತಿರ'!

ಊರಿನಲ್ಲಿ ಇನ್ನು ಯಾರಾದರೂ "ಅದೆಂಥ ಮುಂಬಯಿ?" ಎಂದರೆ ನಾನು ವಾದ ಮಾಡುವುದಿಲ್ಲ. ಮುಂಬಯಿ ಅಲ್ಲ ಮಾರಾಯ್ರೆ, ಮುಂಬಯಿ ನಡೆಸುವವರು ರಾತ್ರಿ ಮಲಗುವ ಊರು ಅನ್ನುತ್ತೇನೆ. ನಮ್ಮ ಕಡೆಯ ಯಾವುದಾದರೂ ಹುಡುಗ ಇಲ್ಲಿ ಮನೆ ನೋಡುತ್ತಿದ್ದರೆ ಹಿರಿಯರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ: ಮೊದಲು ಪಾಲಿಕೆಗೆ ಹೋಗು, ಆಮೇಲೆ ಸ್ಟೇಶನ್ನಿನಿಂದ ನಡೆದು ನೋಡು, ಕೊನೆಗೆ ಮನೆ ನೋಡು.