ಗರಡಿಯಿಂದ ಜಿಮ್‌ಗೆ: ಅನಾಬಾಲಿಕ್ ಸ್ಟಿರಾಯ್ಡ್‌ಗಳ ಹಾರ್ಮೋನು ಹಾನಿಯ ಚರಿತ್ರೆ

ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಹೋರಿಯ ವೃಷಣದಿಂದ ಶುದ್ಧರೂಪದಲ್ಲಿ ದೊರೆತದ್ದು 1935ರಲ್ಲಿ. ರಸಾಯನ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದೂ ಅದೇ ವರ್ಷ. ಸ್ಟಿರಾಯ್ಡ್‌ಗಳ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಬರೆಯುತ್ತಾರೆ. ಹಾನಿಯ ಚರಿತ್ರೆ ಇದಕ್ಕೂ ಹಿಂದಿನದು. ಹೊರಗಿನಿಂದ ಲೈಂಗಿಕ ಹಾರ್ಮೋನು ಕೊಟ್ಟರೆ ಪಿಟ್ಯುಟರಿ ಗ್ರಂಥಿಯ ಪ್ರಚೋದನೆ ತಗ್ಗಿ ವೃಷಣ ಕುಗ್ಗುತ್ತದೆಂದು ಷಿಕಾಗೊದ ಕಾರ್ಲ್ ಮೂರ್ ಮತ್ತು ಡೊರೊತಿ ಪ್ರೈಸ್ 1932ರಲ್ಲೇ ಇಲಿಗಳ ಮೇಲಿನ ಪ್ರಯೋಗಗಳಿಂದ ವಿವರಿಸಿದ್ದರು. ಮದ್ದು ಕೈಗೆ ಬರುವ ಮೊದಲೇ ಅದರ ಕೇಡು ತಿಳಿದಿತ್ತು. ಎಲ್ಲೋ ಒಬ್ಬಿಬ್ಬರಿಗೆ ಆಗುವ ತೊಂದರೆ ಎಂಬ ಜಿಮ್‌ಗಳ ಸಮಾಧಾನ ಈ ಕಾಲಾನುಕ್ರಮದ ಮುಂದೆ ನಿಲ್ಲುವುದಿಲ್ಲ.

ಈ ಮದ್ದು ಬರುವ ಮೊದಲು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ, ಶಿವಮೊಗ್ಗ ಸೀಮೆಯಲ್ಲಿ ಮೈಕಟ್ಟು ಎಂದರೆ ಗರಡಿಯ ಮೈಕಟ್ಟು: ದಂಡ, ಬಸ್ಕಿ, ಮಟ್ಟಿಯ ಸಾಮು. ಶಿವಮೊಗ್ಗದ ಮಾರಿಕಾಂಬಾ ಜಾತ್ರೆಯ ಕುಸ್ತಿ ಆ ಪರಂಪರೆಯದೇ. ಬೆಂಗಳೂರಿನಲ್ಲಿ 'ರೂಪದರ್ಶಿ'ಯ ಲೇಖಕ ಕೆ.ವಿ. ಅಯ್ಯರ್ ಇದೇ ಸಾಮಿಗೆ ಸೂರ್ಯನಮಸ್ಕಾರವನ್ನೂ ಭಾರ ಎತ್ತುವುದನ್ನೂ ಜೋಡಿಸಿ ದೇಹದಾರ್ಢ್ಯವನ್ನು ಕಲಿಸಿದರು. ಅವರು ಹೆಸರಾದದ್ದು ಸ್ಟಿರಾಯ್ಡ್ ಮಾತ್ರೆಗಳಿಲ್ಲದ ಕಾಲದಲ್ಲಿ ಎಂಬುದನ್ನು ಇಂದಿನ ಹುಡುಗರು ಅರಿಯಬೇಕು. ಸಿಬಾ ಕಂಪನಿಯ ಡಯನಬಾಲ್ ಎಂಬ ಸ್ಟಿರಾಯ್ಡ್ ಮಾತ್ರೆ ಅಮೆರಿಕದಲ್ಲಿ ಬಂದದ್ದು 1958ರಲ್ಲಿ. ಅದರ ಮೂಲದ್ರವ್ಯ ಮೆಥಾಂಡಿಯೆನೋನ್. 2011ರಲ್ಲಿ ಉಡುಪಿ ಜಿಲ್ಲೆ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಮತ್ತು ಸಹ ಓಟಗಾರ್ತಿಯರ ಪರೀಕ್ಷೆಯಲ್ಲಿ ಪತ್ತೆಯಾದದ್ದೂ ಇದೇ. ತರಬೇತುದಾರರು ಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು, ತಮಗೆ ತಿಳಿದಿರಲಿಲ್ಲ ಎಂಬುದು ಅವರ ವಾದ. ಅವರಿಗೆ ವಿಧಿಸಿದ್ದ ಒಂದು ವರ್ಷದ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು.

ಗಂಡಸಿನ ದೇಹ ದಿನಕ್ಕೆ ಸುಮಾರು 7 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ತಯಾರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಎನಾಂಥೇಟನ್ನು ಗಂಡಸರಿಗೆ ಚುಚ್ಚಿದ್ದು ಗರ್ಭನಿರೋಧಕವಾಗಿ! ಬಹುಪಾಲು ಮಂದಿಯಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಕೆಲವು ವಾರ ಮದ್ದು ತೆಗೆದುಕೊಂಡು ಬಿಡುವ ಜಿಮ್‌ನ 'ಸೈಕಲ್'ಗಳಲ್ಲಿ ಇದಕ್ಕಿಂತ ಹೆಚ್ಚು ಡೋಸ್ ಹೋಗುವುದುಂಟು. ಪಿಟ್ಯುಟರಿ ವೃಷಣವನ್ನು ಪ್ರಚೋದಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಕಳಿಸುವುದನ್ನು ನಿಲ್ಲಿಸಿದರೆ, ರಕ್ತದಲ್ಲಿ ಹಾರ್ಮೋನು ತುಂಬಿದ್ದರೂ ವೃಷಣದೊಳಗೆ ಅದು ಬತ್ತುತ್ತದೆ. ಹೆಚ್ಚಾದ ಟೆಸ್ಟೊಸ್ಟೆರಾನ್‌ನ ಒಂದು ಪಾಲು ಅರೊಮಟೇಸ್ ಕಿಣ್ವದಿಂದ ಎಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನು ಆಗುತ್ತದೆ. ಹುಡುಗರು 'ಗೈನೋ' ಎನ್ನುವ ಸ್ತನದ ಊತಕ್ಕೆ ಅದೇ ಕಾರಣ. ಹೆಂಗಸರಲ್ಲಿ ಒಡೆದ ದನಿ ಮದ್ದು ಬಿಟ್ಟರೂ ಮರಳದಿರಬಹುದು.

ಮದ್ದು ನಿಲ್ಲಿಸಿದ ಮೇಲಿನ ತಿಂಗಳುಗಳೇ ಕಠಿಣ. ಸ್ವಂತ ಹಾರ್ಮೋನು ಚೇತರಿಸುವವರೆಗೆ ಆಯಾಸ, ಖಿನ್ನತೆ, ಕಾಮಾಸಕ್ತಿಯ ಕುಸಿತ ಕಾಡುತ್ತವೆ. ಅದನ್ನು ತಾಳಲಾರದೆ ಹಲವರು ಮತ್ತೆ ಸಿರಿಂಜ್ ಹಿಡಿಯುತ್ತಾರೆ. ಚೇತರಿಕೆಗೆ ಕೆಲವರಿಗೆ ವರ್ಷವೂ ಸಾಲದು. ಮಕ್ಕಳಾಗಲಿಲ್ಲವೆಂದು ಬರುವ ದಂಪತಿಗಳಲ್ಲಿ ಮೊದಲು ಹೆಂಡತಿಯನ್ನೇ ಪರೀಕ್ಷಿಸುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಗಂಡ ಹಳೆಯ ಇಂಜೆಕ್ಷನ್‌ಗಳ ಮಾತೆತ್ತದಿದ್ದರೆ, ಒಂದು ವೀರ್ಯ ಪರೀಕ್ಷೆ ಮತ್ತು ಎಲ್‌ಎಚ್ ಮಟ್ಟದಿಂದ ತಿಳಿಯಬಹುದಾದ ಕಾರಣಕ್ಕಾಗಿ ಅವಳು ವರ್ಷಗಟ್ಟಲೆ ಮಾತ್ರೆ ನುಂಗಬೇಕಾದೀತು.