ವೀರಗಲ್ಲಿನ ಕೆಳಗಿನ ಪಟ್ಟಿಕೆ

ಕ್ರಿ.ಪೂ. 480ರ ಸುಮಾರಿಗೆ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಡೌರಿಸ್ ಎಂಬ ಚಿತ್ರಕಾರನು ಮಣ್ಣಿನ ಬಟ್ಟಲೊಂದರ ಮೇಲೆ ಪಾಠಶಾಲೆಯ ಚಿತ್ರ ಬರೆದನು. ಗುರುವಿನ ಕೈಯಲ್ಲಿ ಸುರುಳಿ ಇದೆ, ಎದುರಿಗೆ ಹುಡುಗ ನಿಂತಿದ್ದಾನೆ. ಇನ್ನೊಬ್ಬ ತಂತಿವಾದ್ಯ ಕಲಿಯುತ್ತಿದ್ದಾನೆ. ಈ ಬಟ್ಟಲು ಈಗ ಬರ್ಲಿನ್ ನಗರದಲ್ಲಿದೆ. ನೀರು ತುಂಬುವ ಹೆಂಗಸರು, ಚರ್ಮ ಕತ್ತರಿಸುವ ಚಮ್ಮಾರ, ಆಲಿವ್ ಕಾಯಿ ಉದುರಿಸುವ ಕೂಲಿಗಳು ಇಂತಹ ಪಾತ್ರೆಗಳ ಮೇಲಿದ್ದಾರೆ. ಅಲ್ಲಿನ ಜನಸಾಮಾನ್ಯರ ಬದುಕನ್ನು ಇತಿಹಾಸಕಾರರು ಹೆಚ್ಚಾಗಿ ಇವುಗಳಿಂದಲೇ ತಿಳಿದರು.

ನಮ್ಮ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಅಂತಹ ಚಿತ್ರದ ಪಾತ್ರೆಗಳಿಲ್ಲ. ಆದರೆ ಕೆರೆ ಏರಿಯ ಮೇಲೆ, ಗದ್ದೆಯ ಬದಿಯಲ್ಲಿ ವೀರಗಲ್ಲುಗಳಿವೆ. ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲೂ ಸೊರಬದವುಗಳನ್ನು 1904ರಲ್ಲೂ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅನೇಕವು ವೀರಗಲ್ಲಿನ ಬರಹಗಳೇ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ, ಮೇಲೆ ಶಿವಲಿಂಗ ಅಥವಾ ಜಿನಬಿಂಬ, ಸೂರ್ಯಚಂದ್ರರು. ನಾನು ವಿದ್ಯಾರ್ಥಿಗಳನ್ನು ಕೆಳಗಿನ ಪಟ್ಟಿಕೆಯ ಎದುರಿಗೇ ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ಅಲ್ಲಿ ಸ್ವರ್ಗವಿಲ್ಲ, ಊರಿದೆ. ಸಾಲಾಗಿ ನಿಂತ ದನಗಳು, ಬಿಲ್ಲು ಎಳೆದವನು, ಗುರಾಣಿ ಹಿಡಿದವನು. ಅವರ ತುರುಬು, ಬಿಗಿದು ಕಟ್ಟಿದ ಬಟ್ಟೆ, ಸೊಂಟದ ಕಠಾರಿ. ದನವೇ ಆಗಿನ ಸಂಪತ್ತು. ಅದನ್ನು ಕದ್ದೊಯ್ಯುವುದಕ್ಕೆ 'ತುರುಗೋಳ್' ಎಂಬ ಹೆಸರೇ ಇತ್ತು. ದನ ಬಿಡಿಸಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ 'ನೆತ್ತರುಗೊಡಗೆ' ಎನ್ನುತ್ತಿದ್ದರು. ಸತ್ತವನು ಬಹಳ ಸಲ ರಾಜನಲ್ಲ, ಊರಿನವನೇ.

ಮಹಾಸತಿ ಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ತೋಳು ಇರುತ್ತದೆ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಆ ಕಾಲದ ಬಳೆ ಹೇಗಿತ್ತೆಂದು ನಮಗೆ ತಿಳಿಯುವುದು ಒಬ್ಬ ಹೆಣ್ಣು ಬೆಂಕಿಗೆ ಬಿದ್ದುದರಿಂದ. ಇದನ್ನು ತರಗತಿಯಲ್ಲಿ ಹೇಳದೆ ಬಿಡಲು ನನಗೆ ಮನಸ್ಸಾಗುವುದಿಲ್ಲ. ಗ್ರೀಕರ ಬಟ್ಟಲು ಕುಡಿಯಲು ಮಾಡಿದ್ದು, ನಮ್ಮ ಕಲ್ಲು ಸಾವಿಗೆ ನಿಲ್ಲಿಸಿದ್ದು. ಆದ್ದರಿಂದ ಇದರಲ್ಲಿ ಅಡುಗೆಮನೆ, ಪಾಠಶಾಲೆ ಕಾಣುವುದು ಅಪರೂಪ.

ಒಮ್ಮೆ ಒಬ್ಬ ವಿದ್ಯಾರ್ಥಿ, "ಇದು ನಮ್ಮವರದಲ್ಲವಲ್ಲ, ನಾವೇಕೆ ನೋಡಬೇಕು?" ಎಂದು ಕೇಳಿದ. ನಮ್ಮ ಕಬರಸ್ತಾನದ ಕಲ್ಲುಗಳಲ್ಲಿ ಚಿತ್ರವಿರುವುದಿಲ್ಲ, ಅವನ ಅನುಮಾನ ನನಗೆ ಅರ್ಥವಾಯಿತು. "ನಿಮ್ಮ ಮನೆಯಲ್ಲಿ ದನ ಇದೆಯೇ?" ಎಂದೆ. ಎರಡು ಎಮ್ಮೆ, ಒಂದು ಹಸು ಎಂದ. "ರಾತ್ರಿ ಯಾರಾದರೂ ಹೊಡೆದುಕೊಂಡು ಹೋದರೆ?" ಅವನು ಉತ್ತರ ಹೇಳಲಿಲ್ಲ, ಕಲ್ಲಿನ ಹತ್ತಿರ ಹೋಗಿ ಕುಳಿತ.

ಕೆಲವು ಕಲ್ಲುಗಳು ಬಟ್ಟೆ ಒಗೆಯಲು, ಕಾಲುವೆ ದಾಟಲು ಹಾಸಾಗಿವೆ. ನೋಡಲು ಹೋಗುವವರು ಸೀಮೆಸುಣ್ಣ, ಎಣ್ಣೆ ಬಳಿಯಬಾರದು. ಬೆಳಗಿನ ಓರೆ ಬಿಸಿಲಿನಲ್ಲಿ ಹೋದರೆ ಸವೆದ ಕಲ್ಲಿನಲ್ಲೂ ದನಗಳ ಕೊಂಬು ಎದ್ದು ಕಾಣುತ್ತದೆ.